'ಬ್ರೆಜಿಲ್' ಸಿನಿಮಾ ನಿಮಗೆ ಯಾಕೆ ಇಷ್ಟ?

ಪ್ರಶ್ನೆ:
ಟೆರ್ರಿ ಗಿಲಿಯಮ್ ಅವರ 'ಬ್ರೆಜಿಲ್' (1985) ನಿನ್ನೆ ರಾತ್ರಿ ನೋಡಿದೆ. ಮನೆ ತುಂಬಾ ಪೈಪುಗಳು, ರೆಕ್ಕೆ ಕಟ್ಟಿಕೊಂಡು ಹಾರುವ ಕನಸು, ದೈತ್ಯ ಸಮುರಾಯ್. ಅರ್ಧ ಅರ್ಥವಾಗಲಿಲ್ಲ. ಆದರೂ ಬೆಳಿಗ್ಗೆಯಿಂದ ಅದೇ ಗುಂಗು. ನಿಮಗೆ ಇದರಲ್ಲಿ ಹಿಡಿಸಿದ್ದೇನು?

ಉತ್ತರ 1:
ನನಗೆ ರಾಬರ್ಟ್ ಡಿ ನಿರೋ! ಅರ್ಜಿ, ಫಾರಂ ಯಾವುದೂ ಬೇಡ ಅಂತ ರಾತ್ರಿ ಹೊತ್ತು ಕದ್ದು ಬಂದು ಪೈಪ್ ರಿಪೇರಿ ಮಾಡಿ, ಹಗ್ಗ ಹಿಡಿದು ಜಾರಿ ಹೋಗುವ ಟಟಲ್. ಅಂಥವನೊಬ್ಬ ನಮ್ಮ ಬೀದಿಗೂ ಬೇಕು. ಸಿನಿಮಾಗೆ ಹೆಸರು ಬಂದಿದ್ದು ಆರಿ ಬರೋಸೊ ಅವರ 1939ರ ಹಾಡಿನಿಂದ, ಸಿನಿಮಾ ಉದ್ದಕ್ಕೂ ಅದೇ ರಾಗ ಕೇಳುತ್ತದೆ.

ಉತ್ತರ 2:
ನಾನು ಇಪ್ಪತ್ತೆಂಟು ವರ್ಷ ಒಂದು ಕಚೇರಿಯ ಪಿಂಚಣಿ ಶಾಖೆಯಲ್ಲಿ ಟೈಪಿಸ್ಟ್ ಆಗಿದ್ದೆ. ಹಾಗಾಗಿ ನನಗೆ ಈ ಸಿನಿಮಾ ಅಂದರೆ ಮೊದಲ ಹತ್ತು ನಿಮಿಷ.

ಬಂಧಿಸಬೇಕಾದವರ ಹೆಸರು ಟೈಪ್ ಆಗುತ್ತಿರುವ ಯಂತ್ರದೊಳಗೆ ಒಂದು ಹುಳ ಬೀಳುತ್ತದೆ. 'ಟಟಲ್' ಹೋಗಿ 'ಬಟಲ್' ಆಗುತ್ತದೆ. ಕ್ರಿಸ್‌ಮಸ್ ಸಂಜೆ ಬಟಲ್ ಮನೆಯ ಚಾವಣಿ ಕೊರೆದು ಪೊಲೀಸರು ಇಳಿಯುತ್ತಾರೆ. ಏನೂ ಮಾಡದ ಮನುಷ್ಯನನ್ನು ಚೀಲದಲ್ಲಿ ಕಟ್ಟಿ ಒಯ್ಯುತ್ತಾರೆ. ಅವನ ಹೆಂಡತಿ ನಡುಗುತ್ತಾ ನಿಂತಿದ್ದಾಳೆ, ಅಧಿಕಾರಿ ಅವಳಿಂದ ಸಹಿ ಹಾಕಿಸಿಕೊಳ್ಳುತ್ತಾನೆ. ಗಂಡನನ್ನು ಒಯ್ದಿದ್ದಕ್ಕೆ ಒಂದು ರಸೀದಿ. ಆ ರಸೀದಿ ಕೊಟ್ಟಿದ್ದಕ್ಕೆ ಇನ್ನೊಂದು ರಸೀದಿ.

ನಾನೂ ಒಮ್ಮೆ ಒಬ್ಬ ವಿಧವೆಯ ಕುಟುಂಬ ಪಿಂಚಣಿ ಆದೇಶದಲ್ಲಿ ಹೆಸರಿನ ಕೊನೆಗೆ 'ಮ್ಮ' ಬದಲು 'ಪ್ಪ' ಹೊಡೆದಿದ್ದೆ. ಯಾರೂ ನೋಡಲಿಲ್ಲ, ಸಹಿ ಆಗಿ ಹೋಯಿತು. ಆಮೇಲೆ ಆ ತಾಯಿ ತಾನೇ ಆ ವ್ಯಕ್ತಿ ಅಂತ ಅಫಿಡವಿಟ್ ತರಬೇಕಾಯಿತು. ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದಳು. ನಮ್ಮಲ್ಲಿ ಯಾರೂ ಅವಳಿಗೆ ಗದರಲಿಲ್ಲ. ಎಲ್ಲರೂ 'ಕೂತ್ಕೊಳ್ಳಿ ಅಮ್ಮಾ, ಫೈಲ್ ಮೇಲೆ ಹೋಗಿದೆ' ಅಂತಲೇ ಹೇಳಿದೆವು. ಅದು ನಿಜವೂ ಆಗಿತ್ತು.

ಗಿಲಿಯಮ್ ಇದನ್ನು ಹಿಡಿದಿದ್ದಾರೆ. ಮೈಕೆಲ್ ಪೇಲಿನ್ ಮಾಡಿದ ಜ್ಯಾಕ್ ಪಾತ್ರ ನೋಡಿ. ಒಳ್ಳೆಯ ಗೆಳೆಯ, ಮಗಳ ಜೊತೆ ಆಡುವ ಅಪ್ಪ. ಕೆಲಸ ಚಿತ್ರಹಿಂಸೆ ಕೊಡುವುದು. ಅದು ಅವನಿಗೆ ಆಫೀಸು ಅಷ್ಟೇ. ನಾಯಕ ಸ್ಯಾಮ್ ಕೂಡ ಮೆದು ಮನಸ್ಸಿನವನು. ಬಟಲ್ ವಿಚಾರಣೆಯಲ್ಲಿ ಸತ್ತ ಮೇಲೆ, ಆ ವಿಚಾರಣೆಯ ಖರ್ಚೆಂದು ಮನೆಯವರಿಂದ ಜಾಸ್ತಿ ಹಿಡಿದಿದ್ದ ಹಣವನ್ನು ಚೆಕ್ ಮಾಡಿಸಿ ಅವನೇ ಆ ಮನೆಗೆ ಒಯ್ಯುತ್ತಾನೆ, ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು. ಬಟಲ್ ಹೆಂಡತಿ ಗಂಡನ ದೇಹ ಎಲ್ಲಿ ಅಂತ ಕೇಳುತ್ತಾಳೆ. ಸ್ಯಾಮ್ ಬಳಿ ಇರುವುದು ಚೆಕ್ ಮಾತ್ರ. ಆ ದೃಶ್ಯ ಬಂದಾಗ ನನಗೆ ಪ್ರತಿ ಸಲ ಆ ಬೆಂಚು ಕಾಣುತ್ತದೆ.

ಉತ್ತರ 3:
ಯಾವ ಆವೃತ್ತಿ ನೋಡಿದಿರಿ ಅನ್ನುವುದೂ ಮುಖ್ಯ. 142 ನಿಮಿಷದ್ದನ್ನೇ ನೋಡಿ. ಅಮೆರಿಕದ ಸ್ಟುಡಿಯೋಗೆ ಸುಖಾಂತ್ಯ ಬೇಕಿತ್ತು. ಗಿಲಿಯಮ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು, ನನ್ನ ಸಿನಿಮಾ ಯಾವಾಗ ಬಿಡುಗಡೆ ಮಾಡುತ್ತೀರಿ ಅಂತ ಕೇಳಿದರು. ಟಿವಿಗೆ ಕತ್ತರಿಸಿದ 94 ನಿಮಿಷದ್ದರಲ್ಲಿ ಗಿಲಿಯಮ್ ಅವರ ಕೊನೆಯೇ ಇಲ್ಲ, ಸುಖಾಂತ್ಯ ಇದೆ.

ಪ್ರಶ್ನೆ ಕೇಳಿದವರು:
ನಾನು ನೋಡಿದ್ದು 142ರದ್ದೇ. ಮೇಡಂ, ಆ ತಾಯಿಗೆ ಪಿಂಚಣಿ ಸಿಕ್ಕಿತಾ?

ಉತ್ತರ 2 ಬರೆದವರು:
ಸಿಕ್ಕಿತು, ಹನ್ನೊಂದು ತಿಂಗಳ ಬಾಕಿ ಸೇರಿಸಿ. ತಿದ್ದುಪಡಿ ಆದೇಶ ನಾನೇ ಟೈಪ್ ಮಾಡಿದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಜೋರಾಗಿ ಓದಿ ಹೇಳಿದೆ. ತಪ್ಪು ನನ್ನದು ಅಂತ ಮಾತ್ರ ಆವತ್ತೂ ಹೇಳಲಿಲ್ಲ.