ಅಲ್ಯೂಮಿನಿಯಂ ಬೋರ್ಡ್ ಮೇಲೆ ಸೋಲ್ಡರ್ ಹಿಡಿಯುತ್ತಿಲ್ಲ, ಸೋಲ್ಡರಿಂಗ್ ಐರನ್ ಎಷ್ಟು ಡಿಗ್ರಿ ಇಡಬೇಕು?

ಮಿಣುಕುಹುಳ:
ಎಲ್ಲರಿಗೂ ನಮಸ್ಕಾರ. ಮಾಮೂಲಿ ಎಫ್‌ಆರ್4 (ಗಾಜಿನ ನಾರು, ಎಪಾಕ್ಸಿ ಸೇರಿಸಿ ಮಾಡಿದ) ಬೋರ್ಡ್ ಮೇಲೆ ಸೋಲ್ಡರ್ ಮಾಡಿ ನನಗೆ ಚೆನ್ನಾಗಿ ರೂಢಿ ಇದೆ. ಈಗ ಮೊದಲ ಸಲ ಅಲ್ಯೂಮಿನಿಯಂ ಬೋರ್ಡ್ ಕೈಗೆ ಬಂದಿದೆ. 1.6 ಮಿ.ಮೀ. ದಪ್ಪ, 12 ಎಲ್‌ಇಡಿ. ಅದರಲ್ಲಿ ಒಂದು ಹತ್ತುತ್ತಿಲ್ಲ, ಅದನ್ನು ಬದಲಾಯಿಸಬೇಕು. ಜೊತೆಗೆ ಎರಡು ವೈರ್ ಹಚ್ಚಬೇಕು.

350 ಡಿಗ್ರಿ ಇಟ್ಟೆ. ಸೋಲ್ಡರ್ ಟಿಪ್ ಮೇಲೆ ಕರಗುತ್ತದೆ, ಬೆಸುಗೆ ಹಾಕುವ ಪ್ಯಾಡ್ ಮೇಲೆ ಮಾತ್ರ ಮಣಿಯ ಹಾಗೆ ಗುಂಡಗೆ ನಿಲ್ಲುತ್ತದೆ. ಉಗುರಿನಿಂದ ತಳ್ಳಿದರೆ ಟಪ್ ಅಂತ ಕಿತ್ತು ಬರುತ್ತದೆ. 430ಕ್ಕೆ ಏರಿಸಿ ಒತ್ತಿ ಹಿಡಿದೆ, ಪ್ಲಸ್ ಪ್ಯಾಡೇ ಎದ್ದು ಬಂತು. ಅಲ್ಯೂಮಿನಿಯಂಗೆ ಸೋಲ್ಡರ್ ಹಿಡಿಯುವುದಿಲ್ಲ ಅಂತಾರಲ್ವಾ, ಅದಕ್ಕೆ ಬೇರೆ ಫ್ಲಕ್ಸ್ (ಬೆಸುಗೆ ಹಿಡಿಯಲು ಲೋಹದ ಮೈ ಶುಚಿ ಮಾಡುವ ರಾಸಾಯನಿಕ) ಬೇಕಾ?

ಹಳೇ ಟಿಪ್:
ಫ್ಲಕ್ಸ್ ಬದಲಾಯಿಸಬೇಡಿ. ಅಲ್ಯೂಮಿನಿಯಂಗೆ ಅಂತ ಬರುವ ಫ್ಲಕ್ಸ್ ತುಂಬಾ ಖಾರ, ಸರಿಯಾಗಿ ತೊಳೆಯದಿದ್ದರೆ ಕರೆಂಟ್ ಹರಿಯುವ ತಾಮ್ರದ ಟ್ರ್ಯಾಕನ್ನೇ ತಿನ್ನುತ್ತದೆ. ನೀವು ಬೆಸುಗೆ ಹಾಕುತ್ತಿರುವುದು ಮೇಲಿನ ತಾಮ್ರಕ್ಕೆ. ಅಲ್ಯೂಮಿನಿಯಂ ಇರುವುದು ಅದರ ಕೆಳಗೆ. ನಡುವೆ ಸುಮಾರು 100 ಮೈಕ್ರಾನ್ ಇನ್ಸುಲೇಷನ್ ಪದರ, ಅಷ್ಟೇ. ಕಾಗದದ ಹಾಳೆಯಷ್ಟು ತೆಳು. ಎಲ್‌ಇಡಿಯ ಬಿಸಿ ಬೇಗ ಕೆಳಗಿಳಿಯಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ನಿಮ್ಮ ಐರನ್ನಿನ ಬಿಸಿಯೂ ಅದೇ ದಾರಿ ಹಿಡಿದು ಇಳಿದು ಹೋಗುತ್ತಿದೆ. ನೀವು ಎಷ್ಟು ಏರಿಸಿದರೂ ಬೋರ್ಡ್ ಹೀರಿಕೊಳ್ಳುತ್ತಲೇ ಇರುತ್ತದೆ. ಕೊನೆಗೆ ತಾಮ್ರವನ್ನು ಹಿಡಿದಿಟ್ಟ ಆ ಪದರವೇ ಸುಟ್ಟು ಪ್ಯಾಡ್ ಏಳುತ್ತದೆ.

ಇಡೀ ಬೋರ್ಡನ್ನು ಕೆಳಗಿನಿಂದ ಕಾಯಿಸಿ. ಹಾಟ್‌ಪ್ಲೇಟ್ ಮೇಲೆ ಸಪಾಟಾಗಿ ಕೂರಿಸಿ, 120 ಡಿಗ್ರಿಗೆ ಬಿಡಿ, ಐದು ನಿಮಿಷ ಸುಮ್ನೆ ಕಾಯಿರಿ. ಆಮೇಲೆ ಅಗಲ ಬಾಯಿಯ ಟಿಪ್, ಅದೇ 350. ಮೊನೆ ಚೂಪಾದ ಟಿಪ್ ಬೇಡವೇ ಬೇಡ. ಎರಡು ಮೂರು ಸೆಕೆಂಡಿನಲ್ಲಿ ಸೋಲ್ಡರ್ ಪ್ಯಾಡ್ ಪೂರ್ತಿ ಹರಡಿಕೊಳ್ಳುತ್ತದೆ. ಅದು ಹರಡುವಾಗ ನೋಡಬೇಕು, ಒಮ್ಮೆಲೇ ಕನ್ನಡಿಯ ಹಾಗೆ ಹೊಳೆಯುತ್ತದೆ. ಐರನ್ ತೆಗೆದ ಮೇಲೆ ವೈರ್ ಅಲ್ಲಾಡಿಸಬೇಡಿ. ಬಿಸಿ ಬೋರ್ಡಿನಲ್ಲಿ ಬೆಸುಗೆ ಗಟ್ಟಿಯಾಗಲು ಹೊತ್ತು ಜಾಸ್ತಿ ಬೇಕು.

ಎಲ್‌ಇಡಿ ಬದಲಾಯಿಸಲು ಪ್ಲೇಟ್ 150ಕ್ಕೆ ಇಟ್ಟು ಮೇಲಿನಿಂದ ಹಾಟ್ ಏರ್ ಕೊಡಿ. ಸೀಸ ಇಲ್ಲದ ಮಾಮೂಲಿ ಸೋಲ್ಡರ್ ಆಗಿದ್ದರೆ ಅದು ಕರಗುವುದು 217 ಡಿಗ್ರಿ ದಾಟಿದ ಮೇಲೆ, ಆದ್ದರಿಂದ ಪಕ್ಕದವು ಕದಲುವುದಿಲ್ಲ. ಚಿಮಟದಿಂದ ಎಲ್‌ಇಡಿಯನ್ನು ಬದಿಯಲ್ಲೇ ಹಿಡಿಯಿರಿ. ನಾನೊಮ್ಮೆ ಮೇಲಿನ ಮೆತ್ತನೆ ಗುಮ್ಮಟವನ್ನು ಒತ್ತಿಬಿಟ್ಟಿದ್ದೆ. ಒಳಗಿನ ಕೂದಲೆಳೆಯಂಥ ತಂತಿ ಕಡಿದು ಹೊಸ ಎಲ್‌ಇಡಿಯೇ ಹೋಯಿತು. ತುಂಬಾ ಬೇಜಾರಾಗಿತ್ತು.

ಒಂದು ಮುಖ್ಯ ವಿಷಯ. ಪ್ಯಾಡ್ ಎದ್ದ ಕಡೆ ತಾಮ್ರಕ್ಕೂ ಅಲ್ಯೂಮಿನಿಯಂಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದ್ದೀರಾ? ಅಲ್ಯೂಮಿನಿಯಂ ಕಡೆ ಬರಿಯ ಲೋಹ ಕಾಣುವ ಜಾಗಕ್ಕೇ ಪ್ರೋಬ್ ಚುಚ್ಚಿ.

ಬರ್ ತೆಗೆಯೋನು:
ನಾನು ಬೋರ್ಡ್ ತಯಾರಿಸುವ ಕಡೆ ಕೆಲಸ ಮಾಡುತ್ತೇನೆ. ಮೀಟರ್ ಬೀಪ್ ಅಂದು ಶಾರ್ಟ್ (ತಾಮ್ರ, ಅಲ್ಯೂಮಿನಿಯಂ ಎರಡೂ ತಗುಲಿಕೊಂಡಿವೆ ಅಂತ) ತೋರಿಸಿದರೆ ಬೋರ್ಡಿನ ಅಂಚನ್ನೂ ನೋಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕತ್ತರಿಸುವಾಗ ಬ್ಲೇಡಿಗೆ ಅಂಟಿ ಎಳೆ ಎಳೆಯಾಗಿ ಏಳುತ್ತದೆ. ಅಂಥ ಒಂದು ಎಳೆ ಮೇಲಕ್ಕೆ ಬಾಗಿ ಟ್ರ್ಯಾಕ್ ಮುಟ್ಟಿದರೆ ಸಾಕು. ಬೆರಳಿನಿಂದ ಸವರಬೇಡಿ, ಕೊಯ್ಯುತ್ತದೆ. ಒಂಚೂರು ಹತ್ತಿ ತೆಗೆದುಕೊಂಡು ಅಂಚಿನ ಗುಂಟ ಎಳೆಯಿರಿ. ಬರ್, ಅಂದರೆ ಅಂಥ ಎಳೆ, ಇದ್ದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮಾತ್ರ ಸಣ್ಣ ಅರದಿಂದ ಕೆಳಮುಖವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ ತೆಗೆಯಿರಿ. ಆ ಪುಡಿಯಲ್ಲೂ ಕರೆಂಟ್ ಹರಿಯುತ್ತದೆ.

ಸ್ಕ್ರೂ ತಲೆ ಕೂಡ ಟ್ರ್ಯಾಕಿನಿಂದ ದೂರ ಇರಲಿ. ಎಷ್ಟೋ ಶಾರ್ಟ್ ಅಲ್ಲೇ ಆಗುವುದು.

ಮಿಣುಕುಹುಳ:
ಅಂಚು ಚೆನ್ನಾಗಿದೆ, ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆದರೆ ಪ್ಯಾಡ್ ಎದ್ದ ಜಾಗದಲ್ಲಿ ಮೀಟರ್ ಬೀಪ್ ಅನ್ನುತ್ತಿದೆ. ಕೆಳಗಿನ ಪದರ ಕಪ್ಪಾಗಿ ಪುಡಿಯಾಗಿದೆ. ಎಪಾಕ್ಸಿ ತುಂಬಿ ಸರಿ ಮಾಡಬಹುದಾ?

ಹಳೇ ಟಿಪ್:
ದಯವಿಟ್ಟು ಬೇಡ. ಎಲ್‌ಇಡಿಗೆ ಕರೆಂಟ್ ಕೊಡುವ ಎಷ್ಟೋ ಡ್ರೈವರುಗಳಲ್ಲಿ ಮೇನ್ಸ್‌ನಿಂದ (ಗೋಡೆಯ ಕರೆಂಟ್ ಲೈನಿನಿಂದ) ಬೇರ್ಪಡಿಕೆಯೇ ಇರುವುದಿಲ್ಲ. ಆ ಪದರ ಸೋತರೆ ಅಲ್ಯೂಮಿನಿಯಂಗೆ, ಅದಕ್ಕೆ ಅಂಟಿದ ಹೀಟ್‌ಸಿಂಕಿಗೆ, ಹೊರಗಿನ ಲೋಹದ ಕವಚಕ್ಕೆ ನೇರ ಮೇನ್ಸ್ ಬರಬಹುದು. ಬಲ್ಬ್ ಬದಲಾಯಿಸಲು ಬಂದವರು ಮುಟ್ಟುವುದು ಅದನ್ನೇ. ಆ ಬೋರ್ಡನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಯಾವುದಕ್ಕೂ ಜೋಡಿಸಬೇಡಿ.

ಮಿಣುಕುಹುಳ:
ಆಯ್ತು ಸರ್. ಅದರ ಮೇಲೆ ಮಾರ್ಕರಿನಿಂದ ದೊಡ್ಡ ಅಡ್ಡಗೆರೆ ಹಾಕಿ ಪಕ್ಕಕ್ಕಿಟ್ಟೆ. ಇನ್ನೊಂದು ಬೋರ್ಡನ್ನು ನೀವು ಹೇಳಿದ ಹಾಗೆ 120ರಲ್ಲಿ ಕಾಯಿಸಿ ವೈರ್ ಹಚ್ಚಿದೆ. ಮೂರು ಎಣಿಸುವಷ್ಟರಲ್ಲಿ ಹರಡಿಕೊಂಡಿತು! ಬೇಗ ತಣಿಯಲಿ ಅಂತ ಒದ್ದೆ ಸ್ಪಂಜಿನ ಮೇಲೆ ಇಡಬಹುದಾ?

ಹಳೇ ಟಿಪ್:
ಬೇಡ. ಬಿಸಿ ತಣಿಯುವಾಗ ಅಲ್ಯೂಮಿನಿಯಂ ಕುಗ್ಗುವುದು ಎಷ್ಟೋ ಎಲ್‌ಇಡಿಗಳ ಸೆರಾಮಿಕ್ ತಳಕ್ಕಿಂತ ಸುಮಾರು ಮೂರು ಪಟ್ಟು ಜಾಸ್ತಿ. ಹಠಾತ್ತನೆ ತಣಿಸಿದರೆ ಎಲ್‌ಇಡಿ ಕೆಳಗಿನ ಬೆಸುಗೆ ಬಿರುಕು ಬಿಡಬಹುದು. ಪ್ಲೇಟ್ ಆಫ್ ಮಾಡಿ, ಅದರ ಮೇಲೆಯೇ ಬಿಡಿ. ಕೈ ಇಡುವಷ್ಟಾದ ಮೇಲೆ ತೆಗೆಯಿರಿ. ಮತ್ತೆ ಮೀಟರ್ ಇಟ್ಟು ನೋಡಿ, ಆಮೇಲೆ ಕರೆಂಟ್ ಕೊಡಿ.