ರ‍್ಯಾಪಿಡ್ ಸೈಕ್ಲಿಂಗ್ ಬೈಪೋಲಾರ್: ಹೇಗೆ ನಿಭಾಯಿಸ್ತಿದೀರ? ಅನುಭವ ಇರೋರು ದಯವಿಟ್ಟು ಹೇಳಿ

ತಮ್ಮನ ಅಕ್ಕ:
ತಮ್ಮನಿಗೆ ಬೈಪೋಲಾರ್ ಟೂ (ಮೂಡ್ ವಿಪರೀತ ಏರಿಳಿಯೋ ಕಾಯಿಲೆಯ ಒಂದು ವಿಧ) ಅಂತ ಗೊತ್ತಾಗಿ ವರ್ಷಗಳೇ ಆದ್ವು. ಈಗ ಡಾಕ್ಟ್ರು ರ‍್ಯಾಪಿಡ್ ಸೈಕ್ಲಿಂಗ್ ಅಂತಿದಾರೆ. ಒಂದಷ್ಟು ದಿನ ನಿದ್ದೆನೇ ಇಲ್ದೆ ಓಡಾಡ್ತಾನೆ, ಆಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲ್ಲ, ಸ್ವಲ್ಪ ಸರಿಹೋದ ಅನ್ನೋಷ್ಟ್ರಲ್ಲಿ ಮತ್ತೆ ಶುರು. ಸದ್ಯ ವ್ಯಾಲ್‌ಪ್ರೋಯೇಟ್ (ಮೂಡ್ ಏರಿಳಿತ ತಡೆಯೋ ಮಾತ್ರೆ) ಜೊತೆ ಎಸ್ಸಿಟಲೋಪ್ರಾಮ್ ಅನ್ನೋ ಆಂಟಿಡಿಪ್ರೆಸೆಂಟ್ ನಡೀತಿದೆ. ಏರಿಳಿತ ತಡೆಯೋಕೆ ಲಿಥಿಯಂ ಕೂಡ ಸೇರಿಸೋಣ ಅಂತಿದಾರೆ, ಅವನಿಗೆ ಕಿಡ್ನಿ ಭಯ. ನೀವೆಲ್ಲ ಏನು ಮಾಡಿದ್ರಿ, ಯಾವುದು ಕೆಲಸಕ್ಕೆ ಬಂತು?

ಹಳೇ ಡೈರಿ:
ಲಿಥಿಯಂ ಬಗ್ಗೆ ಹೆದರಿಸೋರ ಮಾತಿಗೆ ಕಿವಿ ಕೊಡ್ಬೇಡಿ ಅಕ್ಕ. 1974ರಲ್ಲಿ ಡನ್ನರ್, ಫೀವ್ ಅನ್ನೋ ಇಬ್ಬರು ಸಂಶೋಧಕರು ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಪಿಸೋಡ್ (ಮೂಡ್ ಏರೋ ಇಲ್ಲಾ ಇಳಿಯೋ ಸರದಿ) ಬರೋರನ್ನ ಬೇರೆ ಮಾಡಿ ರ‍್ಯಾಪಿಡ್ ಸೈಕ್ಲಿಂಗ್ ಅಂತ ಹೆಸರಿಟ್ರು, ಇವರಿಗೆ ಲಿಥಿಯಂ ಅಷ್ಟಾಗಿ ಹಿಡಿಯಲ್ಲ ಅಂತ ಬರೆದ್ರು, ಅದೊಂದು ಮಾತು ಹಿಡ್ಕೊಂಡು ನನ್ನ ಮೊದಲನೇ ಡಾಕ್ಟ್ರು ವರ್ಷಗಟ್ಟಲೆ ಅದನ್ನ ಮುಟ್ಲೇ ಇಲ್ಲ. ಆ ವರ್ಷಗಳನ್ನ ನನಗೆ ಯಾರು ವಾಪಸ್ ಕೊಡ್ತಾರೆ? ಕೆಲಸ ಹೋಯ್ತು, ಮದುವೆ ಮಾತುಕತೆ ಮುರಿದುಬಿತ್ತು. ಲಿಥಿಯಂ ಶುರು ಮಾಡಿದ ಮೇಲೆ ಏರಿಳಿತ ಪೂರ್ತಿ ನಿಲ್ಲಲಿಲ್ಲ ನಿಜ, ಆದ್ರೆ ಮೇಲಕ್ಕೆ ಹೋಗೋ ಎತ್ತರ ಕಮ್ಮಿ ಆಯ್ತು, ಸಾಯಬೇಕು ಅನ್ನೋ ಯೋಚನೆ ದೂರ ಹೋಯ್ತು. ಆ ಎರಡನೇದೇ ನನಗೆ ದೊಡ್ಡದು.

ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡೋ ಲೆವೆಲ್ ಟೆಸ್ಟ್ ವಿಷಯದಲ್ಲಿ ಮಾತ್ರ ಹುಷಾರು. ಕೊನೇ ಮಾತ್ರೆ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು. ನನಗೆ ಲ್ಯಾಬ್‌ನೋರು ಕೇಳ್ಲೇ ಇಲ್ಲ, ಬೆಳಿಗ್ಗೆ ಮಾತ್ರೆ ನುಂಗಿದ್ಮೇಲೆ ಎಳೆದ್ರು, ರಿಪೋರ್ಟಲ್ಲಿ ಲೆವೆಲ್ ಜಾಸ್ತಿ ಬಂತು, ಡೋಸ್ ಇಳಿಸಿದ್ರು, ನಾನು ಸೀದಾ ತಳಕ್ಕೆ. ಇನ್ನೊಂದು ಸಲ ಮಂಡಿ ನೋವಿಗೆ ಯಾರೋ ಐಬುಪ್ರೊಫೇನ್ ಕೊಟ್ರು, ಅದು ರಕ್ತದಲ್ಲಿ ಲಿಥಿಯಂ ಏರಿಸುತ್ತೆ. ವಾಂತಿ, ಭೇದಿ, ಕಾಲು ತೊಡರೋದು, ನಾಲಿಗೆ ಹೊರಳ್ತಿರಲಿಲ್ಲ. ಎಮರ್ಜೆನ್ಸಿಲಿ ನೋಡಿದ್ರೆ ಲೆವೆಲ್ 1.5 ದಾಟಿ ವಿಷದ ಮಟ್ಟಕ್ಕೆ ಹೋಗಿತ್ತು. ಇವೆಲ್ಲ ಅನುಭವಿಸಿದ ಮೇಲೂ ಹೇಳ್ತೀನಿ, ನಾನು ಲಿಥಿಯಂ ಬಿಡಲ್ಲ.

ಮೌನಿ:
ನಿಮಗೆ ಹಿಡಿಸ್ತು ಸರ್, ಸಂತೋಷ. ಆದ್ರೆ "ಹೆದರಿಸೋರ ಮಾತು" ಅಂತ ತಳ್ಳಿಹಾಕ್ಬೇಡಿ, ಹೆದರಿಕೆ ಅನುಭವದಿಂದಲೇ ಬಂದಿರೋದು. ನನಗೆ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಆದ್ರೆ ಏರೋ ಹಾರ್ಮೋನ್) ಲಿಥಿಯಂ ತಗೊಳ್ತಿದ್ದಾಗ ಸದ್ದಿಲ್ಲದೆ ಏರ್ತಾ ಹೋಯ್ತು, ಯಾರೂ ನೋಡ್ಲಿಲ್ಲ. ದಪ್ಪ ಆದೆ, ಕೂದಲು ಉದುರ್ತು, ಸದಾ ಚಳಿ, ಎಲ್ಲದಕ್ಕೂ ಡಿಪ್ರೆಶನ್ ಅನ್ನೋ ಒಂದೇ ಉತ್ತರ. ಅದಕ್ಕೆ ಇನ್ನೊಂದು ಆಂಟಿಡಿಪ್ರೆಸೆಂಟ್, ಅದರ ಮೇಲೆ ಮತ್ತೊಂದು. ಥೈರಾಯ್ಡ್ ಕಮ್ಮಿ ಇರೋದಕ್ಕೂ ಸೈಕಲ್ ಜೋರಾಗೋದಕ್ಕೂ ನಂಟಿದೆ ಅಂತ ನನಗೆ ಹೇಳಿದ್ದು ಮಾನಸಿಕ ವೈದ್ಯರಲ್ಲ, ಬೇರೆ ವಿಷಯಕ್ಕೆ ಹೋದಾಗ ಸಿಕ್ಕ ಒಬ್ಬ ಫಿಸಿಶಿಯನ್. ಥೈರಾಕ್ಸಿನ್ ಶುರುವಾದ್ಮೇಲೆ ತಲೆಯಲ್ಲಿದ್ದ ಮಂಜು ಸರಿದ ಹಾಗಾಯ್ತು. ಅಷ್ಟರಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಏರೋಕೆ ಶುರು, ಲಿಥಿಯಂ ನಿಲ್ಲಿಸಬೇಕಾಯ್ತು.

ಈಗ ಅದರ ಬದಲು ಲ್ಯಾಮೊಟ್ರಿಜಿನ್ ಅನ್ನೋ ಮಾತ್ರೆ. ದಿನಕ್ಕೆ 25 ಮಿಲಿಗ್ರಾಂ ಎರಡು ವಾರ, 50 ಎರಡು ವಾರ, ಆಮೇಲೇ 100. ವ್ಯಾಲ್‌ಪ್ರೋಯೇಟ್ ಜೊತೆಗಿದ್ರೆ ಇನ್ನೂ ನಿಧಾನ, 25ನ್ನೂ ದಿನ ಬಿಟ್ಟು ದಿನ. ಅವಸರ ಮಾಡಿದ್ರೆ ಮೈಮೇಲೆ ಏಳೋ ದದ್ದು ಪ್ರಾಣಕ್ಕೇ ಬರಬಹುದು. ನಾನು ದಿನಾ ಕನ್ನಡಿ ಮುಂದೆ ನಿಂತು ಬಾಯೊಳಗೆಲ್ಲ ಟಾರ್ಚ್ ಹಾಕಿ ನೋಡ್ಕೊಳ್ತಿದ್ದೆ. ಡೋಸ್ ಪೂರ್ತಿ ಮುಟ್ಟಿದ ಮೇಲೆ ಜ್ವರ ಬಂದು ಆಸ್ಪತ್ರೆ ಸೇರಿದಾಗ ಒಂದು ವಾರಕ್ಕಿಂತ ಹೆಚ್ಚು ಮಾತ್ರೆ ತಪ್ಪಿತು, ಮತ್ತೆ ಮೊದಲಿಂದ, 25ರಿಂದ. ಆಗ ಅತ್ತಿದ್ದು ಕೇಳ್ಬೇಡಿ.

ಕತ್ತಲೆ ಬೇಕು:
ಇಬ್ರೂ ಮಾತ್ರೆ ಮಾತ್ರೆ ಅಂತಿದೀರ. ನಿದ್ದೆ ಬಗ್ಗೆ ಒಂದು ಸಾಲು ಇಲ್ವಲ್ಲ! ನನಗೆ ರಾತ್ರಿ ಕೆಲಸದ ಶಿಫ್ಟ್ ಇದ್ದಷ್ಟು ಕಾಲ ಯಾವ ಮಾತ್ರೆನೂ ಕೆಲಸ ಮಾಡ್ಲಿಲ್ಲ. ಒಂದು ರಾತ್ರಿ ನಿದ್ದೆ ಕೆಟ್ರೆ ಮಾರನೇ ದಿನವೇ ಮಾತು ಜಾಸ್ತಿ, ಮೂರನೇ ದಿನಕ್ಕೆ ಹೊಸ ಬಿಸಿನೆಸ್ ಪ್ಲಾನ್. 1998ರಲ್ಲಿ ವೇರ್ ಅನ್ನೋ ಸಂಶೋಧಕ ಮತ್ತವರ ತಂಡ ಇಂಥದ್ದೇ ಒಬ್ಬ ರೋಗಿಗೆ ದಿನಾ ರಾತ್ರಿ ಕತ್ತಲೆ ಕೋಣೇಲಿ 14 ಗಂಟೆ, ಆಮೇಲೆ ನಿಧಾನಕ್ಕೆ 10 ಗಂಟೆಗೆ ಇಳಿಸಿ ಸೈಕಲ್ ನಿಲ್ಲಿಸಿದ್ದನ್ನ ಬರೆದಿದಾರೆ. ನಾನು ಅಷ್ಟು ಮಾಡೋಕಾಗಲ್ಲ, ಆದ್ರೆ ಸಂಜೆ ಆದ್ರೆ ಲೈಟು ಮಂಕು, ಫೋನ್ ಬೇರೆ ರೂಮಲ್ಲಿ, ಮಲಗೋದು ಏಳೋದು ದಿನಾ ಒಂದೇ ಹೊತ್ತಿಗೆ. ಹಬ್ಬ ಹುಣ್ಣಿಮೆ ಯಾವುದಕ್ಕೂ ರಿಯಾಯಿತಿ ಇಲ್ಲ. ನೆಂಟರು ಬೇಜಾರಾದ್ರು, ಆಗ್ಲಿ.

ಮೌನಿ:
ಒಬ್ಬ ರೋಗಿ! ಒಬ್ಬರ ಕಥೆ ಇಟ್ಕೊಂಡು ಇಲ್ಲಿ ಬರೀಬೇಡಿ, ಓದಿದೋರು ಮಾತ್ರೆ ಬಿಟ್ಟು ಲೈಟ್ ಆರಿಸ್ಕೊಂಡು ಕೂತ್ರೆ?

ಕತ್ತಲೆ ಬೇಕು:
ಮಾತ್ರೆ ಬಿಡಿ ಅಂತ ನಾನೆಲ್ಲಿ ಹೇಳ್ದೆ? ಇನ್ನೊಂದ್ಸಲ ಓದಿ. ನನ್ನ ಡಬ್ಬೀಲೂ ಕ್ವಿಟಿಯಾಪಿನ್ ಇದೆ. ನೀವು ಬರೆದಿದ್ದೂ ಒಬ್ಬರ ಕಥೆನೇ ಅಲ್ವಾ.

ಅವರ ಹೆಂಡತಿ:
ನಾನು ರೋಗಿ ಅಲ್ಲ, ರೋಗಿಯ ಹೆಂಡತಿ. ನಿಮ್ಮ ಲೆವೆಲ್ಲು ಮಿಲಿಗ್ರಾಂ ಎಲ್ಲ ಸರಿ, ಮನೆಯವರಿಗೆ ಏನಾಗುತ್ತೆ ಅಂತ ಯಾರೂ ಬರೀಲಿಲ್ಲ. ನಮ್ಮನೆಯೋರು ಮೇಲಿದ್ದಾಗ ರಾತ್ರೋರಾತ್ರಿ ಆರ್ಡರ್ ಮಾಡಿದ ಪಾರ್ಸಲ್‌ಗಳು ವಾರಗಟ್ಟಲೆ ಬರ್ತಾನೇ ಇದ್ವು, ಅದು ಬಂದು ತಲುಪೋ ಹೊತ್ತಿಗೆ ಅವರು ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ರು, ಒಂದೊಂದನ್ನೂ ವಾಪಸ್ ಕಳಿಸೋದು ನನ್ನ ಕೆಲಸ. ಸಾಲ ಇನ್ನೂ ತೀರ್ತಾ ಇದೆ. ಈಗ ಕಾರ್ಡು, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ನನ್ನ ಹತ್ರ. ನಾನಿಲ್ದೆ ಒಂದು ರೂಪಾಯಿನೂ ಹೊರಗೆ ಹೋಗಲ್ಲ.

ಹಳೇ ಡೈರಿ:
ಮೇಡಂ, ಇದು ಓದಿ ಮೈ ಉರೀತು. ನಾವೇನು ಚಿಕ್ಕ ಮಕ್ಕಳಾ? ನನ್ನಣ್ಣ ಹೀಗೇ ನನ್ನ ಕಾರ್ಡ್ ಕಿತ್ಕೊಂಡ, ನಾನು ಪೂರ್ತಿ ಸರಿಹೋದ ಮೇಲೂ ಕೊಡ್ಲಿಲ್ಲ. ಬಸ್ ಚಾರ್ಜಿಗೂ ಕೈ ಚಾಚಬೇಕಿತ್ತು. ಜೋರಾಗಿ ನಕ್ರೆ "ಮಾತ್ರೆ ತಗೊಂಡ್ಯಾ" ಅಂತಿದ್ದ. ಮನುಷ್ಯನಿಗೆ ಸುಮ್ನೆ ಖುಷಿಯಾಗೋ ಹಕ್ಕೂ ಇಲ್ವಾ?

ಅವರ ಹೆಂಡತಿ:
ಕಿತ್ಕೊಂಡೆ ಅಂತ ಯಾರು ಹೇಳಿದ್ದು? ಅವರು ಚೆನ್ನಾಗಿದ್ದಾಗ ಇಬ್ರೂ ಕೂತು ಬರೆದಿಟ್ಟಿದೀವಿ, ಸಹಿ ಅವರದೇ. ನಿದ್ದೆ ಎರಡು ರಾತ್ರಿ ಕಮ್ಮಿಯಾದ್ರೆ ಕಾರ್ಡ್ ನನಗೆ, ಡಾಕ್ಟ್ರಿಗೆ ಫೋನ್ ಮಾಡೋ ಅಧಿಕಾರ ನನಗೆ, ಸರಿಹೋದ್ಮೇಲೆ ವಾಪಸ್. ನಿಮ್ಮಣ್ಣನ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋಬೇಡಿ.

ಹಳೇ ಡೈರಿ:
ಮೊದಲು "ಎಲ್ಲ ನನ್ನ ಹತ್ರ" ಅಂದ್ರಿ, ಈಗ ವಾಪಸ್ ಕೊಡ್ತೀನಿ ಅಂತೀರಿ.

ಕತ್ತಲೆ ಬೇಕು:
ಅವರವರ ಮನೆ ವಿಷಯ ಬಿಡ್ರಪ್ಪ. ಆ ಅಕ್ಕ ತಮ್ಮನ ಬಗ್ಗೆ ಕೇಳಿದ್ದು, ಎಸ್ಸಿಟಲೋಪ್ರಾಮ್ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ. ಕೆಲವರಿಗೆ ಆಂಟಿಡಿಪ್ರೆಸೆಂಟೇ ಸೈಕಲ್ಲಿಗೆ ಗಾಳಿ ಹಾಕುತ್ತೆ. ನನಗೆ ಡಾಕ್ಟ್ರೇ ಸ್ವಲ್ಪ ಸ್ವಲ್ಪ ಇಳಿಸ್ತಾ ನಿಲ್ಲಿಸಿದ್ರು, ಮೊದಲ ತಿಂಗಳು ನರಕ, ಆಮೇಲೆ ಏರಿಳಿತದ ನಡುವೆ ಅಂತರ ಬಂತು. ನೀವಾಗೇ ನಿಲ್ಲಿಸ್ಬೇಡಿ, ಕೇಳಿ ನೋಡಿ.

ತಮ್ಮನ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್, ಜಗಳ ಬೇಡ. ಥೈರಾಯ್ಡ್ ಟೆಸ್ಟ್ ಇದುವರೆಗೆ ಮಾಡಿಸೇ ಇಲ್ಲ ಅಂತ ಈಗ ಫೈಲ್ ನೋಡಿ ಗೊತ್ತಾಯ್ತು. ಇದು ಜೀವನಪೂರ್ತಿ ಹೀಗೇನಾ ಅಂತ ಅವನು ಕೇಳ್ತಾನೆ, ಏನು ಹೇಳ್ಲಿ?

ಮೌನಿ:
ಇಲ್ಲ ಅಂತ ಹೇಳಿ. ಬಹಳ ಜನಕ್ಕೆ ರ‍್ಯಾಪಿಡ್ ಸೈಕ್ಲಿಂಗ್ ಕಾಯಿಲೆಯ ಒಂದು ಹಂತ ಅಷ್ಟೇ, ಬರುತ್ತೆ, ಹೋಗುತ್ತೆ. ಬೈಪೋಲಾರ್ ಇದ್ದೇ ಇರುತ್ತೆ, ಆದ್ರೆ ಈ ವೇಗ ಹೀಗೇ ಇರಬೇಕು ಅಂತಿಲ್ಲ. ಲಿಥಿಯಂ ಶುರು ಮಾಡೋದಾದ್ರೆ ಅದಕ್ಕೂ ಮುಂಚೆನೇ ಟಿಎಸ್‌ಎಚ್, ಕ್ರಿಯಾಟಿನಿನ್ ಎರಡೂ ಮಾಡಿಸಿ, ರಿಪೋರ್ಟ್ ಡಾಕ್ಟ್ರ ಹತ್ರ ಬಿಡದೆ ಒಂದು ಕಾಪಿ ನಿಮ್ಮಲ್ಲೇ ಇಟ್ಕೊಳ್ಳಿ. ಮುಂದೆ ಆರಾರು ತಿಂಗಳಿಗೆ ಹೋಲಿಸಿ ನೋಡೋಕೆ ಆ ಮೊದಲನೇ ನಂಬರೇ ಬೇಕಾಗೋದು.

ಹಳೇ ಡೈರಿ:
ಇದನ್ನ ಮಾತ್ರ ಒಪ್ತೀನಿ. ಕಾರ್ಡ್ ವಿಷಯ ಒಪ್ಪಲ್ಲ.