ಸಹಾಯ ಬೇಕು: ಮೊಜಾರ್ಟ್ ಸೊನಾಟಾದಲ್ಲಿ 'ಮನೆಗೆ ವಾಪಸ್' ಎಲ್ಲಿ?

ನಮಸ್ಕಾರ. ನಲವತ್ತು ದಾಟಿದ ಮೇಲೆ ಪಿಯಾನೊ ಕಲಿಯಲು ಹೊರಟಿದ್ದೇನೆ, ನಗಬೇಡಿ. ಈಗ ನುಡಿಸುತ್ತಿರುವುದು ಮೊಜಾರ್ಟ್‌ನ ಸಿ ಮೇಜರ್ ಸೊನಾಟಾ, ಕೆ. 545 (ಅವನ ಕೃತಿಗಳ ಕ್ರಮಸಂಖ್ಯೆ). 1788ರದ್ದು. ಹೊಸಬರಿಗೆ ಅಂತ ಅವನೇ ತನ್ನ ಕೃತಿಗಳ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಬೆರಳಿಗೇನೋ ಸರಿ, ತಲೆಗೇ ಕಷ್ಟವಾಗಿದೆ.

ಸೊನಾಟಾ ಫಾರ್ಮ್, ಅಂದರೆ ಇಂಥ ಕೃತಿಯನ್ನು ಕಟ್ಟುವ ಕ್ರಮ, ನನಗೆ ಅರ್ಥವಾಗಿರುವುದು ಇಷ್ಟು. ಮೊದಲ ಟ್ಯೂನ್ ಮನೆಯ ಕೀಯಲ್ಲಿ (ಕೃತಿಯ ಮೂಲ ಶ್ರುತಿಯಲ್ಲಿ), ಎರಡನೆಯದು ಅದರ ಪಂಚಮದಲ್ಲಿ. ನಡುವೆ ಒಂದಷ್ಟು ಅಲೆದಾಟ. ಕೊನೆಗೆ ಎರಡೂ ಮನೆಗೆ ವಾಪಸ್. ಅಲ್ವಾ?

ಸೊನಾಟಾದ ಮೊದಲ ಭಾಗದಲ್ಲಿ (ಮೂವ್‌ಮೆಂಟ್) 28ನೇ ಬಾರ್‌ವರೆಗೆ (ಬಾರ್ ಅಂದರೆ ತಾಳದ ಒಂದು ಆವರ್ತದಂಥ ಅಳತೆ) ಎಲ್ಲ ಹೀಗೇ ಇದೆ. ಸಿಯಲ್ಲಿ ಶುರು, ಜಿಯಲ್ಲಿ ನಿಲುಗಡೆ. ಆಮೇಲೆ ಜಿ ಮೈನರ್‌ನಿಂದ ಅಲೆದಾಟ, ಬರೀ 13 ಬಾರ್. 42ರಲ್ಲಿ ಮೊದಲ ಟ್ಯೂನ್ ಹಾಗೇ ಬರುತ್ತದೆ, ಆದರೆ ಎಫ್ ಮೇಜರ್‌ನಲ್ಲಿ! ನಾನು ಪುಟ ತಪ್ಪಿ ತಿರುಗಿಸಿದೆನೋ ಅಂದುಕೊಂಡೆ. ಎರಡನೇ ಟ್ಯೂನ್ ಮಾತ್ರ 59ರಲ್ಲಿ ಸರಿಯಾಗಿ ಸಿಯಲ್ಲೇ ಬರುತ್ತದೆ.

ಹಾಗಾದರೆ 42ನ್ನು ರೀಕ್ಯಾಪಿಚುಲೇಷನ್ (ಮನೆಗೆ ವಾಪಸ್) ಅನ್ನಬೇಕಾ, ಇಲ್ಲ ಇನ್ನೂ ಡೆವಲಪ್‌ಮೆಂಟೇ (ಅಲೆದಾಟವೇ) ನಡೆಯುತ್ತಿದೆಯಾ?

ನನ್ನ ಊಹೆ: ಸಿಯಿಂದ ಜಿಗೆ ಎಷ್ಟು ದೂರವೋ ಎಫ್‌ನಿಂದ ಸಿಗೂ ಅಷ್ಟೇ. ಹಾಗಾಗಿ ಮೊದಲ ಟ್ಯೂನ್‌ನಿಂದ ಎರಡನೆಯದಕ್ಕೆ ಒಯ್ಯುವ ಹಳೆಯ ಸೇತುವೆಯನ್ನೇ ಸುಮ್ನೆ ಮತ್ತೆ ಬಳಸಬಹುದು. ಆದರೆ ಸೋಮಾರಿತನ ಅನ್ನೋಣವೆಂದರೆ, ಈ ಸಲ ಎಡಗೈಗೂ ಸ್ಕೇಲ್‌ಗಳನ್ನು (ಸ್ವರಗಳ ಏರಿಳಿತಗಳನ್ನು) ಕೊಟ್ಟು ನಾಲ್ಕು ಬಾರ್ ಜಾಸ್ತಿ ಬೆಳೆಸಿದ್ದಾನೆ. ಅದೇ ತಲೆ ಕೆಡಿಸಿರುವುದು.

ಗೊತ್ತಿರುವವರು ಬಿಡಿಸಿ ಹೇಳಿ. ಸ-ಪ-ಮ ಭಾಷೆಯಲ್ಲಿ ಹೇಳಿದರೂ ಆದೀತು.